ಎಕ್ಸ್‌ಟ್ರಾ 300ಕ್ಕೆ ಯಾವ ಹೊದಿಕೆ? ಅಗ್ಗದ ಫಿಲ್ಮ್, ಒರಾಕವರ್, ಕಾರಿನ ಪೇಂಟ್

ಮೊದಲೇ ಹೇಳಿಬಿಡುತ್ತೇನೆ: ರೆಕ್ಕೆಗೂ ಬಾಲಕ್ಕೂ ಒರಾಕವರ್, ಅಂದರೆ ಇಸ್ತ್ರಿಯ ಬಿಸಿಗೆ ಮರಕ್ಕೆ ಅಂಟಿ ಬಿಗಿಯಾಗುವ ಬಣ್ಣದ ಪ್ಲಾಸ್ಟಿಕ್ ಫಿಲ್ಮಿನ ಒಂದು ಬ್ರ್ಯಾಂಡ್. ಮುಂದೆ ಇರುವುದು ಯಾಕೆ ಅನ್ನುವ ವಿವರ, ಜೊತೆಗೆ ಒಂದಿಷ್ಟು ಗೊಣಗಾಟ.

ವಿಮಾನ ಎಕ್ಸ್‌ಟ್ರಾ 300 ಎಂಬ ಕಸರತ್ತಿನ ವಿಮಾನದ ಚಿಕ್ಕ ಮಾದರಿ, ರಿಮೋಟಿನಲ್ಲಿ ಹಾರಿಸುವಂಥದ್ದು. 50 ಸಿಸಿ ಪೆಟ್ರೋಲ್ ಎಂಜಿನ್, ರೆಕ್ಕೆ ತುದಿಯಿಂದ ತುದಿಗೆ 2.2 ಮೀಟರ್. ಲೇಸರ್‌ನಲ್ಲಿ ಕತ್ತರಿಸಿದ ಬಾಲ್ಸಾ (ತುಂಬ ಹಗುರವಾದ ಮರ), ಪ್ಲೈವುಡ್ ತುಂಡುಗಳ ಕಿಟ್. ಅಂಟಿಸಿ, ಉಜ್ಜಿ, ಬರೀ ಮರದ ಚೌಕಟ್ಟು ನಿಲ್ಲಿಸುವ ತನಕ ಯಾರ ಜೊತೆಯೂ ಜಗಳ ಇರುವುದಿಲ್ಲ. ಹೊದಿಕೆ ಅಂದ ಕೂಡಲೇ ಪ್ರತಿಯೊಬ್ಬರಿಗೂ ಒಂದೊಂದು ಮತ. ನಾನು ಮೂರನ್ನೂ ಇದೇ ವಿಮಾನದ ಮೇಲೆ ಹಾಕಿ ನೋಡಿದ್ದೇನೆ. ರೆಕ್ಕೆಗೆ ಮೊದಲು ಹೆಸರಿಲ್ಲದ ಅಗ್ಗದ ಫಿಲ್ಮ್, ಅದನ್ನು ಕಿತ್ತ ಮೇಲೆ ಒರಾಕವರ್. ಫ್ಯೂಸಲೇಜಿನ (ವಿಮಾನದ ಒಡಲಿನ) ಮುಂಭಾಗಕ್ಕೆ ಗ್ಲಾಸ್ ಫೈಬರ್ ಬಟ್ಟೆ, ಅದನ್ನು ಹಿಡಿಸುವ ಎಪಾಕ್ಸಿ ಅಂಟು, ಅದರ ಮೇಲೆ ಕಾರಿಗೆ ಹೊಡೆಯುವ, ಗಟ್ಟಿಯಾಗಿಸುವ ದ್ರಾವಣ ಬೆರೆಸುವ ಟೂ-ಪ್ಯಾಕ್ ಪೇಂಟ್.

ಅಗ್ಗದ ಫಿಲ್ಮ್ ಮೊದಲ ದಿನ ಯಾರನ್ನಾದರೂ ಮರುಳು ಮಾಡುತ್ತದೆ. ಹೊಳಪಿದೆ, ಬಿಗಿಯಾಗಿ ಕೂರುತ್ತದೆ, ಒರಾಕವರಿನ ಒಂದು ರೋಲಿನ ದುಡ್ಡಿಗೆ ಇದು ಮೂರು ರೋಲು ಬರುತ್ತದೆ. ಬಿಳಿ ಬಣ್ಣ ಮಾತ್ರ ತೆಳು, ಒಳಗಿನ ಪೆನ್ಸಿಲ್ ಗೆರೆ ಕೂಡ ಕಾಣುತ್ತದೆ. ಅದನ್ನು ಸಹಿಸಬಹುದು.

ಸಹಿಸಲಾಗದ್ದು ಸುಕ್ಕು. ನನ್ನ ಕೆಲಸದ ಕೋಣೆ ಇರುವುದು ಮಲೆನಾಡಿನ ಸಾಗರ ಊರಿನಲ್ಲಿ, ಹಾರಿಸಲು ಹೋಗುವುದು ಚಿತ್ರದುರ್ಗದ ಕಡೆಯ ಬಯಲಿಗೆ. ಮಳೆಗಾಲದಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ, ಹಾಗಾಗಿ ಕಟ್ಟುವ ಕೆಲಸವೆಲ್ಲ ಆಗಲೇ. ಬಾಲ್ಸಾ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ; ಅದೂ ಎಳೆಯ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು. ರೆಕ್ಕೆಯ ಮುಂಭಾಗದ ಬಾಲ್ಸಾ ಹಾಳೆಯ ಎಳೆ ಬುಡದಿಂದ ತುದಿಯ ಕಡೆಗೆ ಓಡುವುದರಿಂದ, ಹಾಳೆ ಕಿರಿದಾಗುವುದು ರೆಕ್ಕೆಯ ಅಗಲಕ್ಕೆ. ಜುಲೈನ ಹಸಿ ಗಾಳಿಯಲ್ಲಿ ಹೊದಿಸಿದ ಫಿಲ್ಮು ಮಾರ್ಚ್ ಬಿಸಿಲಿಗೆ ಬಂದಾಗ ಅಡಿಯ ಮರ ಸರಿದುಕೊಂಡಿರುತ್ತದೆ, ಮೇಲಿನ ಫಿಲ್ಮ್ ಇದ್ದಲ್ಲೇ ಇರುತ್ತದೆ. ಸಾಲದ್ದಕ್ಕೆ ಒಳಗೆ ಸಿಕ್ಕಿಕೊಂಡ ಗಾಳಿ ಕಾದು ಹಿಗ್ಗಿ, ಹಾಳೆಯ ಮೇಲೆಲ್ಲ ಹಪ್ಪಳದ ಗುಳ್ಳೆ. ಕಪ್ಪು, ಕಡುನೀಲಿ ಬಣ್ಣದ ಕಡೆ ಇನ್ನೂ ಜೋರು, ಬಿಸಿಲನ್ನು ಅವು ಹೆಚ್ಚು ಹೀರುತ್ತವೆ.

ಇದು ಯಾವ ಫಿಲ್ಮಿಗೂ ಆಗುತ್ತದೆ, ಒರಾಕವರಿಗೂ ಆಗುತ್ತದೆ. ನೋಡಬೇಕಾದ್ದು ಮತ್ತೆ ಇಸ್ತ್ರಿ ಹಿಡಿದಾಗ ಏನಾಗುತ್ತದೆ ಅನ್ನುವುದನ್ನು. ಅಗ್ಗದ ಫಿಲ್ಮಿಗೆ ಅಂಟುವ ಬಿಸಿಗೂ ಕುಗ್ಗುವ ಬಿಸಿಗೂ ಅಂತರವೇ ಇಲ್ಲ. ರೆಕ್ಕೆಯ ತುದಿಯ ಬಾಗಿಗೆ ಎಳೆದು ಕೂರಿಸುವಷ್ಟರಲ್ಲೇ ತನ್ನ ಕುಗ್ಗುವ ಶಕ್ತಿಯನ್ನು ಮುಗಿಸಿಕೊಂಡಿರುತ್ತದೆ. ಸುಕ್ಕು ಬಂದಮೇಲೆ ಮತ್ತೆ ಬಿಸಿ ಕೊಟ್ಟರೆ ಸುಕ್ಕು ಅಲ್ಲೇ ಉಳಿದು ಜೋಡಣೆಯ ಅಂಚು ಹಿಂದಕ್ಕೆ ಸರಿಯುತ್ತದೆ, ಬಣ್ಣದ ಅಂಟಿನ ಗೆರೆ ಹೊರಗೆ ಬೀಳುತ್ತದೆ. ಹೀಟ್ ಗನ್ ಇನ್ನೂ ಹತ್ತಿರ ಹಿಡಿದರೆ ತೂತು. ಬೆಳಿಗ್ಗೆ ಸರಿಮಾಡಿದ್ದು ಮಧ್ಯಾಹ್ನ ಎರಡನೇ ಟ್ಯಾಂಕ್ ತುಂಬಿಸುವ ಹೊತ್ತಿಗೆ ಮತ್ತೆ ಸಡಿಲ. ಮೈದಾನದಲ್ಲಿ ಹಾರಿಸುವುದನ್ನು ಬಿಟ್ಟು ಇಸ್ತ್ರಿ ಅಂಗಡಿ ಇಡುವ ಆಸೆ ನನಗಿಲ್ಲ.

ಒರಾಕವರಿನಲ್ಲಿ ಈ ಎರಡು ಬಿಸಿಗಳು ದೂರ ದೂರ ಇವೆ. ಸುಮಾರು 100 ಡಿಗ್ರಿಗೆ ಅಂಟು ಹಿಡಿಯುತ್ತದೆ, ಚೆನ್ನಾಗಿ ಕುಗ್ಗುವುದು 150ರ ಆಸುಪಾಸಿಗೆ. ಮೊದಲು ಸುತ್ತಲೂ ಅಂಚು ಹಿಡಿಸಿ, ಸರಿಯಾಗಿ ಕೂರದಿದ್ದರೆ ಎತ್ತಿ ಮತ್ತೆ ಕೂರಿಸಿ, ಆಮೇಲೆ ಬಿಸಿ ಏರಿಸಿ ಬಿಗಿ ಮಾಡಬಹುದು. ಬೇಸಿಗೆಯಲ್ಲಿ ಸಡಿಲವಾದರೂ ಒಂದು ಸಲ ಇಸ್ತ್ರಿ ಆಡಿಸಿದರೆ ಇನ್ನೂ ಕುಗ್ಗಲು ಅದರಲ್ಲಿ ಶಕ್ತಿ ಉಳಿದಿರುತ್ತದೆ. ಮಲೆನಾಡಿನಲ್ಲಿ ಕಟ್ಟಿ ಬಯಲುಸೀಮೆಯಲ್ಲಿ ಹಾರಿಸುವವನಿಗೆ ಇದೊಂದೇ ಗುಣ ಸಾಕು.

ಕಿತ್ತು ತೆಗೆಯುವಾಗಲೂ ವ್ಯತ್ಯಾಸ ತಿಳಿಯಿತು. ಅಗ್ಗದ್ದರಲ್ಲಿ ಬಣ್ಣವಿದ್ದದ್ದು ಅಂಟಿನೊಳಗೆ. ಫಿಲ್ಮ್ ಸುಲಿದರೆ ಕೆಂಪೆಲ್ಲ ಮರದ ಮೇಲೆ. ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಸ್ಯಾಂಡ್ ಪೇಪರ್ ಹಿಡಿದು, ಬಾಲ್ಸಾ ತೆಳುವಾಗುವ ಭಯದಲ್ಲಿ ಕೈ ತಡೆದು ಉಜ್ಜಬೇಕಾಯಿತು. ಒರಾಕವರಿನ ಬಣ್ಣ ಫಿಲ್ಮಿನ ಜೊತೆಗೇ ಏಳುತ್ತದೆ.

ಪೇಂಟ್ ಬಗ್ಗೆ ನನಗೆ ದ್ವೇಷವಿಲ್ಲ. ನೋಡಲು ಇದಕ್ಕೆ ಸಾಟಿ ಇನ್ನೊಂದಿಲ್ಲ, ಜೋಡಣೆಯೇ ಕಾಣದು, ಎಂಜಿನ್ ಉಗುಳುವ ಟೂ-ಸ್ಟ್ರೋಕ್ ಎಣ್ಣೆಯನ್ನು ಒರೆಸಿದರೆ ಆಯಿತು. ತೂಕವೇ ತಕರಾರು. ಒರಾಕವರ್ ಚದರ ಮೀಟರಿಗೆ 60-70 ಗ್ರಾಂ. ಅದೇ ಜಾಗಕ್ಕೆ 25 ಗ್ರಾಮಿನ ಗ್ಲಾಸ್ ಬಟ್ಟೆ, ಅದು ಕುಡಿಯುವ ಎಪಾಕ್ಸಿ, ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ಮೂತಿಯಲ್ಲಿ ಆ ತೂಕ ನಡೆಯುತ್ತದೆ, ಬಾಲದಲ್ಲಿ ನಡೆಯುವುದಿಲ್ಲ. ಗುರುತ್ವ ಕೇಂದ್ರದಿಂದ ಬಾಲ ದೂರ, ಮೂತಿ ಹತ್ತಿರ. ಬಾಲದ ರಡ್ಡರ್ (ಚುಕ್ಕಾಣಿ) ಮೇಲೆ ಏರಿದ ಪ್ರತಿ ಗ್ರಾಮಿಗೆ ಮುಂದೆ ಅದಕ್ಕಿಂತ ಹೆಚ್ಚು ಭಾರ ಕಟ್ಟಬೇಕು. ಲೂಪ್, ಸ್ನ್ಯಾಪ್ ರೋಲ್ ಥರದ ಕಸರತ್ತು ಮಾಡಿಸಲೆಂದೇ ಕಟ್ಟಿದ ವಿಮಾನಕ್ಕೆ ಸೀಸದ ತುಂಡು ಹೊರಿಸಲು ನನಗೆ ಮನಸ್ಸಿಲ್ಲ. ಆದ್ದರಿಂದ ಪೇಂಟ್ ಎಂಜಿನ್ ಮುಚ್ಚುವ ಕೌಲಿಂಗಿಗೂ ಅದರ ಹಿಂದಿನ ಒಂದಷ್ಟು ಜಾಗಕ್ಕೂ ಮಾತ್ರ. ಕೌಲಿಂಗ್ ಹೇಗೂ ಫೈಬರ್‌ಗ್ಲಾಸ್, ಅದಕ್ಕೆ ಪೇಂಟೇ ಬೇಕು. ಫಿಲ್ಮಿನ ತುಂಡು ಕೊಟ್ಟರೆ ಕಾರಿನ ಬಣ್ಣ ಕಲೆಸುವ ಅಂಗಡಿಯವರು ಹತ್ತಿರದ ಬಣ್ಣ ಮಾಡಿಕೊಡುತ್ತಾರೆ. ಹಳದಿ ಸುಲಭ, ಕೆಂಪು ಯಾವತ್ತೂ ಪೂರ್ತಿ ಹೊಂದುವುದಿಲ್ಲ.

ಒರಾಕವರಿನಲ್ಲೂ ಕಿರಿಕಿರಿ ಇಲ್ಲದಿಲ್ಲ. ಫಿಲ್ಮಿನ ಮೇಲೆ ಫಿಲ್ಮ್ ಹಾಕಿದರೆ ಗುಳ್ಳೆ ಏಳುತ್ತದೆ. ರೆಕ್ಕೆಯ ಅಡಿಗೆ ಚೌಕುಳಿ ಹಾಕುವಾಗ (ಆಕಾಶದಲ್ಲಿ ಯಾವುದು ಮೇಲು, ಯಾವುದು ಅಡಿ ಅಂತ ತಿಳಿಯಲು ಅದು ಬೇಕೇ ಬೇಕು) ಒಂದೆರಡು ಹನಿ ಸೋಪು ಬೆರೆಸಿದ ನೀರು ಸಿಂಪಡಿಸಿ, ಚೌಕ ಕೂರಿಸಿ, ಹಳೆಯ ಎಟಿಎಂ ಕಾರ್ಡಿನಲ್ಲಿ ನೀರನ್ನೆಲ್ಲ ಹೊರಗೆ ದೂಡಿ, ರಾತ್ರಿಯಿಡೀ ಒಣಗಲು ಬಿಟ್ಟು, ಮಾರನೇ ದಿನ ಕಡಿಮೆ ಬಿಸಿಯಲ್ಲಿ ಅಂಚುಗಳನ್ನಷ್ಟೇ ಒತ್ತುತ್ತೇನೆ. ಐಲರಾನ್, ಎಲಿವೇಟರ್ (ರೆಕ್ಕೆಯ, ಬಾಲದ ಹಿಂದಿನ ಅಂಚಿನಲ್ಲಿ ಆಡುವ ಭಾಗಗಳು) ಇವುಗಳ ಹಿಂಜಿನ ಸಂದು ಮುಚ್ಚಲೂ ಇದೇ ಫಿಲ್ಮಿನ ಪಟ್ಟಿ. ಈ ಗಾತ್ರದ ವಿಮಾನದಲ್ಲಿ ಆ ಸಂದನ್ನು ತೆರೆದು ಬಿಟ್ಟರೆ ವೇಗದಲ್ಲಿ ಫ್ಲಟರ್, ಅಂದರೆ ಆ ಭಾಗ ಪಟಪಟ ಅದುರುವ ಕಂಪನ, ಹುಟ್ಟುವ ಅಪಾಯ.

ಬಯಲುಸೀಮೆಯಲ್ಲೇ ಕಟ್ಟಿ ಅಲ್ಲೇ ಹಾರಿಸುವವರಿಗೆ, ಅಥವಾ ಒಂದೇ ಹಂಗಾಮಿನಲ್ಲಿ ಜಜ್ಜಿಹೋಗುವ ಕಲಿಕೆಯ ವಿಮಾನಕ್ಕೆ, ಅಗ್ಗದ ಫಿಲ್ಮ್ ಸಾಕು. ದೊಡ್ಡ ವಿಮಾನಕ್ಕೆ ಒರಾಕವರ್ ತರಿಸುವುದಾದರೆ ಲೆಕ್ಕಕ್ಕಿಂತ ಒಂದು ರೋಲು ಹೆಚ್ಚು ತರಿಸಿ, ಅದೂ ರೆಕ್ಕೆಯ ಮೇಲ್ಭಾಗದ ಬಣ್ಣದ್ದು. ವಿಮಾನವನ್ನು ಕಾರಿಗೆ ಏರಿಸುವಾಗ ಮೊದಲು ತೂತಾಗುವುದು ಅಲ್ಲೇ.