ಕಾಡಿನ ನಡಿಗೆಗೆ ಯಾವ ಬೈನಾಕ್ಯುಲರ್: 8×42 ಅಥವಾ 10×50?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 8×42ಕ್ಕೆ. ಇದರಲ್ಲಿ ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿ.ಮೀ. ಲೆಕ್ಕದಲ್ಲಿ. ಕುದುರೆಮುಖ, ಕುರಿಂಜಾಲ್ ದಾರಿಗಳಲ್ಲಿ ಎರಡನ್ನೂ ಕೊರಳಿಗೆ ಹಾಕಿಕೊಂಡು ನಡೆದಿದ್ದೇನೆ. ಗೆಳೆಯನ 8×32 ಕೂಡ ಆಗಾಗ ಕೈಗೆ ಬಂದಿದೆ.

ಮೊದಲು ಕೊಂಡದ್ದು 10×50, ಸುಮಾರು 9,000 ರೂಪಾಯಿಗೆ. ಬಯಲು ಹುಲ್ಲುಗಾವಲಿನಲ್ಲಿ ಅದೇ ಮುಂದು. ಆಚೆ ಗುಡ್ಡದ ಇಳಿಜಾರಿನಲ್ಲಿ ಕಾಟಿಗಳು ಮೇಯುತ್ತಿದ್ದರೆ ಮೊಣಕಾಲ ಕೆಳಗಿನ ಬಿಳುಪೂ ಚೆನ್ನಾಗಿ ಕಾಣುತ್ತದೆ.

ಕಾಟ ಶುರುವಾದದ್ದು ಗುಡ್ಡಗಳ ಮಡಿಲಿನ ದಟ್ಟ ಶೋಲಾ ಕಾಡಿನ ಒಳಗೆ, ನನ್ನ ಕನ್ನಡಕದಿಂದ. ಬೈನಾಕ್ಯುಲರ್‌ನ ಗಾಜಿನಿಂದ ಇಂತಿಷ್ಟು ದೂರದಲ್ಲಿ ಕಣ್ಣಿಟ್ಟರೆ ಮಾತ್ರ ಪೂರ್ತಿ ನೋಟ ಸಿಗುತ್ತದೆ. ಇದನ್ನೇ ಐ ರಿಲೀಫ್ ಅನ್ನುತ್ತಾರೆ. ಕನ್ನಡಕದವರಿಗೆ ಇದು ಕಡೇಪಕ್ಷ 15 ಮಿ.ಮೀ. ಇರಬೇಕು. ನನ್ನ 10×50ರಲ್ಲಿ 12 ಕೂಡ ಇರಲಿಲ್ಲ. ಕಣ್ಣಿಡುವ ಕಡೆಯ ರಬ್ಬರ್ ಕಪ್ ಮಡಚಿದರೂ ನಡುವೆ ಒಂದು ಸಣ್ಣ ವೃತ್ತ, ಸುತ್ತಲೂ ಕಪ್ಪು.

ಕನ್ನಡಕ ತೆಗೆದು ನೋಡಬಹುದಲ್ವಾ? ಫೋಕಸ್ ತಿರುಗಿಸಿದರೆ ಕಾಣುತ್ತದೆ, ನಿಜ. ಆದರೆ ಹಕ್ಕಿಯನ್ನು ಹುಡುಕುವುದಕ್ಕೇ ಕನ್ನಡಕ ಬೇಕು. ಕಾಕರಣೆ ಹಕ್ಕಿ ನೆರಳಿನ ಕೊಂಬೆಯ ಮೇಲೆ ಅಲ್ಲಾಡದೆ ಕೂತಿರುತ್ತದೆ. ಗಂಡಾದರೆ ಕೆಂಪು ಹೊಟ್ಟೆ ಒಂದು ಕ್ಷಣ ಕಂಡದ್ದಷ್ಟೇ ಸುಳಿವು. ಕನ್ನಡಕ ಹಣೆಗೇರಿಸಿ, ಬೈನಾಕ್ಯುಲರ್ ಎತ್ತಿ, ಆ ಕೊಂಬೆಯನ್ನು ಮತ್ತೆ ಹುಡುಕುವಷ್ಟರಲ್ಲಿ ಅದು ಹಾರಿರುತ್ತದೆ. ಮಳೆ ಬಿಟ್ಟ ಹೊಸದರಲ್ಲಂತೂ ಬೆವರಿಗೆ ಗಾಜು ಮಂಜಾಗುತ್ತದೆ. ಒರೆಸಿಕೊಳ್ಳಲು ನಿಂತರೆ ಇಂಬಳ ಕಾಲು ಹತ್ತುತ್ತದೆ.

8×42ರಲ್ಲಿ ಕಪ್ ಕೆಳಗೆ ತಿರುಗಿಸಿ ಕನ್ನಡಕದ ಮೇಲೇ ಒತ್ತಿದರೆ ಆಯಿತು, ಅಂಚಿನಿಂದ ಅಂಚಿಗೆ ಪೂರ್ತಿ ನೋಟ. ಕಣ್ಣು ಕೊಂಬೆ ಬಿಡುವುದೇ ಇಲ್ಲ. ಸಿಂಗಳೀಕದ ಗುಂಪು ಮರದಿಂದ ಮರಕ್ಕೆ ದಾಟುವಾಗ ಬೆನ್ನು ಹತ್ತುವುದೂ ಸಲೀಸು.

ಕೈನಡುಕದ ವಿಷಯವೂ ಇದೆ. ಕುದುರೆಮುಖ ದಾರಿಯ ಒಂಟಿಮರ ದಾಟಿ ಏದುಸಿರು ಬಿಡುತ್ತಾ ನೋಡಿದರೆ 10ರಲ್ಲಿ ಹಕ್ಕಿಯ ಜೊತೆ ಇಡೀ ಕೊಂಬೆ ನಡುಗುತ್ತದೆ. 8ರಲ್ಲಿ ಅಷ್ಟು ಗೊತ್ತಾಗುವುದಿಲ್ಲ.

ಹತ್ತಿರದ ಚಿಟ್ಟೆ ನೋಡಲು ನನ್ನ 10×50 ಆಗದು, ಆರೇಳು ಮೀಟರ್ ದೂರ ಬೇಕು. ನನ್ನ 8×42ಕ್ಕೆ ಮೂರು ಸಾಕು.

ತೂಕ: 10×50 ಹತ್ತಿರ ಹತ್ತಿರ 900 ಗ್ರಾಂ. ಸಂಜೆ ಹೊತ್ತಿಗೆ ಕುತ್ತಿಗೆಗೆ ಗೊತ್ತಾಗುತ್ತದೆ.

ಗೆಳೆಯನ 8×32 ಇನ್ನೂ ಹಗುರ. ಹೊರಗೆ ಬೆಳಕಿರುವಾಗ ತಕರಾರಿಲ್ಲ. ಶೋಲಾ ಒಳಗೆ ಬೆಳಗಿನ ಜಾವ ಮಾತ್ರ ಮಂಕು. ಮುಂದಿನ ಗಾಜಿನ ಅಳತೆಯನ್ನು ಎಷ್ಟು ಪಟ್ಟು ಅನ್ನುವುದರಿಂದ ಭಾಗಿಸಿ ನೋಡಿ. 8×32ರಲ್ಲಿ ಕಣ್ಣಿಗೆ ಬರುವ ಬೆಳಕಿನ ವೃತ್ತ 4 ಮಿ.ಮೀ., 8×42ರಲ್ಲಿ 5.25. ಕತ್ತಲೆಯಲ್ಲಿ ಪಾಪೆ ಹಿಗ್ಗಿದಾಗ ಈ ವ್ಯತ್ಯಾಸ ಕಾಣುತ್ತದೆ.

8×42ಕ್ಕೆ ನಾನು ಕೊಟ್ಟದ್ದು 13,000ದ ಆಸುಪಾಸು. 4,000 ಜಾಸ್ತಿ ಅನ್ನಿಸಬಹುದು. ಇಡೀ ದಿನ ನಡೆಯುವವನು, ಕ್ಯಾಮೆರಾ ಒಯ್ಯದವನು ನಾನು. ನನಗೆ ಇರುವ ಒಂದೇ ಸಾಧನ ಇದು. ನೀವು ಕನ್ನಡಕ ಹಾಕದವರು, ಕಬಿನಿ ಹಿನ್ನೀರಿನ ದಡದಲ್ಲಿ ಕೂತು ಎದುರು ದಡದ ಆನೆ ನೋಡುವವರಾದರೆ 10×50 ಧಾರಾಳವಾಗಿ ಕೊಳ್ಳಿ. ಕನ್ನಡಕದವರು ಮಾತ್ರ ಅಂಗಡಿಯಲ್ಲಿ ಕನ್ನಡಕ ತೆಗೆಯದೆಯೇ ನೋಡಿ. ಸುತ್ತ ಕಪ್ಪು ಕಂಡರೆ ಬೇರೆ ಮಾಡೆಲ್ ಕೇಳಿ.