ತರಕಾರಿ ಹೆಚ್ಚುವ ಮಣೆಗೆ ಯಾವ ಅಂಟು?

ಮರದ ಪಟ್ಟಿಗಳನ್ನು ಜೋಡಿಸಿ ಮಣೆ ಮಾಡುವವರ ಮುಂದೆ ಸಾಮಾನ್ಯವಾಗಿ ಮೂರು ಆಯ್ಕೆಗಳಿರುತ್ತವೆ: ಟೈಟ್‌ಬಾಂಡ್ 3ರಂತಹ ನೀರು ತಡೆಯುವ ಮರದಂಟು (ಮರ ಜೋಡಿಸಲು ಬಳಸುವ, ನೀರಿನ ತಳಹದಿಯ ಅಂಟು), ಪಾಲಿಯುರೆಥೇನ್ (ಗಟ್ಟಿಯಾಗುವಾಗ ನೊರೆಯುಬ್ಬುವ ಅಂಟು) ಮತ್ತು ಎಪಾಕ್ಸಿ (ಎರಡು ಭಾಗಗಳನ್ನು ಬೆರೆಸಿ ಬಳಸುವ ಅಂಟು).

ಆಹಾರ ಸುರಕ್ಷತೆಯ ದೃಷ್ಟಿಯಿಂದ ಟೈಟ್‌ಬಾಂಡ್ 3 ನಿಶ್ಚಿಂತೆಯ ಆಯ್ಕೆ. ಒಣಗಿದ ಮೇಲೆ ಆಹಾರದ ಪರೋಕ್ಷ ಸಂಪರ್ಕಕ್ಕೆ ಅದು ಒಪ್ಪಿತವಾಗಿದೆ. ಎಪಾಕ್ಸಿಯ ವಿಷಯದಲ್ಲಿ ಆ ಭರವಸೆ ಪ್ರತಿ ಉತ್ಪನ್ನಕ್ಕೂ ಬೇರೆಯಾಗಿದ್ದು, ರಾಳ ಮತ್ತು ಗಟ್ಟಿಕಾರಕಗಳನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿ ಪೂರ್ತಿ ಗಟ್ಟಿಯಾಗಲು ಬಿಡುವುದನ್ನೂ ಅವಲಂಬಿಸಿದೆ.

ಬಾಳಿಕೆಯನ್ನು ಅಂಟಿಗಿಂತ ಹೆಚ್ಚಾಗಿ ಮರವೇ ನಿರ್ಧರಿಸುತ್ತದೆ. ನಮ್ಮಲ್ಲಿ ಸುಲಭವಾಗಿ ಸಿಗುವ ತೇಗದಲ್ಲಿ ಎಣ್ಣೆಯಂಶವಿರುವುದರಿಂದ ನೀರಿನ ತಳಹದಿಯ ಅಂಟು ಸರಿಯಾಗಿ ಹಿಡಿಯದೆ ಹೋಗಬಹುದು. ಆಗಷ್ಟೇ ತೋಪಡ ಹೊಡೆದ ಮೈಯನ್ನು ಎಣ್ಣೆ ತೆಗೆಯುವ ದ್ರಾವಕವಾದ ಅಸಿಟೋನಿನಿಂದ ಒರೆಸಿ, ಆರಿದ ಕೂಡಲೇ ಅಂಟಿಸಿದರೆ ಆ ತೊಂದರೆ ಬಹಳಷ್ಟು ತಗ್ಗುತ್ತದೆ. ಎಪಾಕ್ಸಿ ಇಂತಹ ಮರದಲ್ಲಿ ಹೆಚ್ಚು ಸಹನಶೀಲವಾಗಿದ್ದು, ಸಣ್ಣ ಸಂದುಗಳನ್ನೂ ತುಂಬುತ್ತದೆ. ಪಾಲಿಯುರೆಥೇನಿನ ನೊರೆ ಸಂದು ತುಂಬಿದಂತೆ ಕಂಡರೂ ಅದಕ್ಕೆ ಬಲವಿಲ್ಲ.

ಮರದಂಟನ್ನು ಹಸಿಯಿರುವಾಗ ಒದ್ದೆ ಬಟ್ಟೆಯಿಂದ ಒರೆಸಬಹುದು. ಪಾಲಿಯುರೆಥೇನ್ ಕೈಗೆ ಹತ್ತಿದರೆ ದಿನಗಟ್ಟಲೆ ಹೋಗದು. ಆದರೆ ಟೈಟ್‌ಬಾಂಡ್ 3 ಹಚ್ಚಿದ ಮೇಲೆ ಸುಮಾರು 10 ನಿಮಿಷದೊಳಗೆ ತುಂಡುಗಳನ್ನು ಜೋಡಿಸಬೇಕಾದ್ದರಿಂದ, ಹತ್ತಾರು ತುಂಡುಗಳ ಚೌಕುಳಿ ಮಣೆಗೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ನೆಮ್ಮದಿ ಕೊಡುತ್ತದೆ, ಬೆಲೆ ಹೆಚ್ಚಾದರೂ.

ಅಂಚುಗಳು ಬೆಳಕು ತೂರದಷ್ಟು ಕೂಡುವ, ಎಣ್ಣೆಯಿಲ್ಲದ ಮರದ ಸಾದಾ ಮಣೆಯಾದರೆ ಮರದಂಟು ಸಾಕು. ಪಾಲಿಯುರೆಥೇನನ್ನು, ಮನೆಯಲ್ಲಿ ಈಗಾಗಲೇ ಇದ್ದು ಆಹಾರ ಸಂಪರ್ಕದ ಉಲ್ಲೇಖ ಸೀಸೆಯ ಮೇಲಿದ್ದರೆ ಮಾತ್ರ ಪರಿಗಣಿಸಬಹುದು.