ದೋಣಿಯೊಳಗಿನ ಹಳೆ ಪೆಟ್ರೋಲ್ ಎಂಜಿನ್: ಪಾಯಿಂಟೋ, ಟ್ರಾನ್ಸಿಸ್ಟರೋ, ಸಿಡಿಐಯೋ?

1940ರ ದಶಕದ 10 ಸಿಸಿ ಟೂ ಸ್ಟ್ರೋಕ್ ಎಂಜಿನ್ ಒಂದನ್ನು ಮಾಡೆಲ್ ದೋಣಿಯಲ್ಲಿ ಕೂರಿಸಿ, ಕಿಡಿ ಹುಟ್ಟಿಸುವ ಮೂರು ಏರ್ಪಾಡುಗಳನ್ನು ಒಂದಾದ ಮೇಲೊಂದರಂತೆ ಹಾಕಿ ಓಡಿಸಿದೆ. ಫ್ಲೈವೀಲ್, ಪ್ರೊಪೆಲ್ಲರ್, ಇಂಧನ ಯಾವುದನ್ನೂ ಬದಲಿಸಲಿಲ್ಲ. ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ಹಳೆಯ ಪಾಯಿಂಟ್, ಅಂದರೆ ಎಂಜಿನ್ ತಿರುಗಿದಂತೆ ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್, ಇದ್ದಲ್ಲೇ ಇರಲಿ, ಅದರ ಹೊರೆಯನ್ನು ಟ್ರಾನ್ಸಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಹೊತ್ತುಕೊಳ್ಳಲಿ.

ಕಿಡಿಯ ಬದಲು ಕೆಂಪಗೆ ಕಾದ ತಂತಿಯಿಂದ ಇಂಧನ ಹತ್ತಿಸುವ ಗ್ಲೋ ಪ್ಲಗ್ ಹಾಕಿದರೆ ಈ ತಾಪತ್ರಯವೇ ಇಲ್ಲವಲ್ಲ ಎನ್ನುವವರಿದ್ದಾರೆ. ಅದು ಮಾರುಕಟ್ಟೆಗೆ ಬಂದದ್ದೇ 1947ರ ಹೊತ್ತಿಗೆ. ಅದಕ್ಕೆ ಮೆಥನಾಲ್ ಇಂಧನ ಬೇಕು, ಕಿಡಿ ಹಾರುವ ಗಳಿಗೆಯನ್ನು ಹಿಂದೆ ಮುಂದೆ ಮಾಡುವ ಟೈಮಿಂಗ್ ಲಿವರ್ ಕೆಲಸಕ್ಕೆ ಬಾರದೆ ಹೋಗುತ್ತದೆ. ಪೆಟ್ರೋಲ್ ಎಂಜಿನ್ ಬೇಕೆಂದವರು ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಇಂಧನದ ವಿಷಯ ಮೊದಲು, ಯಾಕೆಂದರೆ ಕಿಡಿಯ ಕಷ್ಟ ಶುರುವಾಗುವುದೇ ಅಲ್ಲಿಂದ. ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಬಾಲ್ ಬೇರಿಂಗ್ ಇರುವುದಿಲ್ಲ, ದಂಡ ತಿರುಗಲು ಬರೀ ಲೋಹದ ಬಳೆ, ಅಂದರೆ ಬುಷ್. ಹಾಗಾಗಿ 4 ಪಾಲು ಪೆಟ್ರೋಲಿಗೆ 1 ಪಾಲು ದಪ್ಪನೆಯ ಮಿನರಲ್ ಆಯಿಲ್, ಎಸ್ಎಇ 50 ಅಥವಾ ಅದಕ್ಕಿಂತ ಗಟ್ಟಿ. ಈಗಿನ ಟೂ ಸ್ಟ್ರೋಕ್ ಆಯಿಲನ್ನು 25ಕ್ಕೆ 1ರಂತೆ ಬೆರೆಸಿದರೆ ಬುಷ್ ಬೇಗ ಸವೆಯುತ್ತದೆ. ಆದರೆ ಇಷ್ಟು ಎಣ್ಣೆ ಹಾಕಿದಾಗ ಪ್ಲಗ್ ತುದಿ ಒದ್ದೆಯಾಗುತ್ತದೆ, ಪಾಯಿಂಟ್ ಮೇಲೂ ಎಣ್ಣೆ ಹಬೆ ಕೂರುತ್ತದೆ. ದುರ್ಬಲ ಕಿಡಿಗೆ ಅಲ್ಲೇ ಸೋಲು.

ಮೂಲದ ಏರ್ಪಾಡು ಪಾಯಿಂಟ್, ಅದು ಸುಡದಂತೆ ಕಾಯುವ ಕಂಡೆನ್ಸರ್, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್. ಪಾಯಿಂಟ್ ಗ್ಯಾಪ್ 0.25 ಮಿ.ಮೀ. ಆಸುಪಾಸು, ಪ್ಲಗ್ ಗ್ಯಾಪ್ 0.4ರಿಂದ 0.5. ಟೈಮಿಂಗ್ ನೋಡಲು ಒಂದು ಚಿಕ್ಕ ಬಲ್ಬ್ ಮತ್ತು ಸೆಲ್ ಅನ್ನು ಪಾಯಿಂಟ್‌ಗೆ ಸರಣಿಯಲ್ಲಿ ಕೊಟ್ಟು ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿದರಾಯಿತು. ಬಲ್ಬ್ ಆರಿದ ಗಳಿಗೆಯೇ ಕಿಡಿ ಹಾರುವ ಗಳಿಗೆ. ಹಗ್ಗ ಸುತ್ತಿ ಎಳೆಯುವಾಗ ಲಿವರನ್ನು ಹಿಂದಕ್ಕೆ ತಳ್ಳಿ ಕಿಡಿಯನ್ನು ತಡವಾಗಿಸಬೇಕು. ಇಲ್ಲದಿದ್ದರೆ ಪಿಸ್ಟನ್ ಮೇಲಕ್ಕೆ ಮುಟ್ಟುವ ಮುಂಚೆಯೇ ಉರಿ ಹತ್ತಿ ಫ್ಲೈವೀಲ್ ಉಲ್ಟಾ ಒದೆಯುತ್ತದೆ, ಹಗ್ಗ ಬೆರಳು ಸುಡುವಂತೆ ಕಿತ್ತುಕೊಂಡು ಹೋಗುತ್ತದೆ. ಎಂಜಿನ್ ಹತ್ತಿದ ಮೇಲೆ ಲಿವರ್ ಮುಂದೆ ತರುತ್ತಾ ಹೋದಂತೆ ಸದ್ದು ಗಟ್ಟಿಯಾಗಿ ಬಿಗಿಯುತ್ತದಲ್ಲ, ಅದರ ರುಚಿಯೇ ಬೇರೆ.

ಆದರೆ ಕಾಯಿಲ್‌ನ ಕರೆಂಟು, ಎರಡು ಮೂರು ಆಂಪಿಯರ್, ಪೂರ್ತಿ ಆ ಪುಟ್ಟ ಪಾಯಿಂಟ್ ಮೂಲಕವೇ ಹರಿಯಬೇಕು. ಕಂಡೆನ್ಸರ್ ಸರಿಯಿದ್ದರೂ ದಿನ ಕಳೆದಂತೆ ಒಂದು ಬದಿ ಗುಳಿ, ಇನ್ನೊಂದು ಬದಿ ಗುಬ್ಬಿ. ಬೆಂಚ್ ಮೇಲೆ ಇದನ್ನು ಸಹಿಸಬಹುದು. ನೀರಿಗೆ ಹೊರಟು ನಿಂತಾಗ ಪಾಯಿಂಟ್ ಉಜ್ಜುತ್ತಾ ಕೂರುವುದು ಬೇಸರದ ಕೆಲಸ.

ಟ್ರಾನ್ಸಿಸ್ಟರ್ ಹಾಕಿದಾಗ ಕಾಯಿಲ್ ಅದೇ, ಲಿವರ್ ಅದೇ. ಪಾಯಿಂಟ್‌ಗೆ ಈಗ ಆನ್ ಆಫ್ ಹೇಳುವ ಕೆಲಸ ಮಾತ್ರ, ಕರೆಂಟು ಒಂದು ಆಂಪಿಯರ್‌ನ ಹತ್ತನೇ ಒಂದರಷ್ಟು. ಸುಡುವುದು ನಿಂತುಹೋಯಿತು, ಪಾಯಿಂಟ್‌ನ ಕಂಡೆನ್ಸರನ್ನೂ ತೆಗೆದೆ. ಇಲ್ಲಿ ಒಂದು ಸೂಕ್ಷ್ಮವಿದೆ. ದೊಡ್ಡ ಕರೆಂಟು ಪಾಯಿಂಟ್ ಮೇಲಿನ ಎಣ್ಣೆ ಪೊರೆಯನ್ನು ತಾನೇ ಸುಟ್ಟು ದಾರಿ ಮಾಡಿಕೊಳ್ಳುತ್ತಿತ್ತು, ಸಣ್ಣ ಕರೆಂಟಿಗೆ ಆ ತಾಕತ್ತಿಲ್ಲ. ಎಂಜಿನ್ ಸುಮ್ಮನೆ ಮಿಸ್ ಹೊಡೆಯತೊಡಗಿದರೆ ಕಾರ್ಬ್ಯುರೇಟರ್ ಸೂಜಿಗೆ ಕೈ ಹಾಕುವ ಮೊದಲು ಪಾಯಿಂಟ್ ನಡುವೆ ಶುಭ್ರ ಕಾಗದದ ಪಟ್ಟಿಯೊಂದನ್ನು ಎಳೆದು ನೋಡಿ. ಕಾಗದ ಕಪ್ಪಾಗಿ ಹೊರಬಂದರೆ ಕಾಯಿಲೆ ಅದೇ.

ಸಿಡಿಐ ಎಂದರೆ ಕೆಪ್ಯಾಸಿಟರ್‌ನಲ್ಲಿ ತುಂಬಿಟ್ಟ ವಿದ್ಯುತ್ತನ್ನು ಒಮ್ಮೆಲೇ ಸುರಿದು ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಮಾಡ್ಯೂಲ್. ಇದರಲ್ಲಿ ಪಾಯಿಂಟೇ ಇಲ್ಲ. ಫ್ಲೈವೀಲ್‌ನಲ್ಲಿ ಕೂರಿಸಿದ ಪುಟ್ಟ ಅಯಸ್ಕಾಂತ, ಅದನ್ನು ಗುರುತಿಸುವ ಹಾಲ್ ಸೆನ್ಸರ್ ಮುಂದೆ ಹಾದಾಗ ಕಿಡಿ ಹಾರುತ್ತದೆ. ಅಯಸ್ಕಾಂತದ ಮುಖ ತಿರುವುಮುರುವಾದರೆ ಕಿಡಿಯೇ ಹಾರುವುದಿಲ್ಲ, ಅಂಟಿಸುವ ಮುನ್ನ ಪರೀಕ್ಷಿಸಿಕೊಳ್ಳಬೇಕು. ಹತ್ತಿಸುವ ವಿಷಯಕ್ಕೆ ಬಂದರೆ ಇದಕ್ಕೆ ಸಾಟಿಯಿಲ್ಲ. ನಿಧಾನವಾಗಿ ತಿರುಗಿಸಿದರೂ ಕಿಡಿ ಬಲವಾಗಿರುತ್ತದೆ, ಒದ್ದೆ ಪ್ಲಗ್ ಕೂಡ ಹತ್ತುತ್ತದೆ. ವೇಗ ಕಡಿಮೆಯಿದ್ದಾಗ ಮಾಡ್ಯೂಲ್ ತಾನೇ ಕಿಡಿಯನ್ನು ತಡಮಾಡುವುದರಿಂದ ಉಲ್ಟಾ ಒದೆತವೂ ಇಲ್ಲ. ನನಗೆ ಹಿಡಿಸದ್ದೂ ಅದೇ: ಲಿವರ್ ಬರೀ ಅಲಂಕಾರವಾಗಿ ಉಳಿಯಿತು. ಜೊತೆಗೆ ಪ್ಲಗ್ ಬಿಚ್ಚಿಟ್ಟು ಅರ್ತ್ ಕೊಡದೆ, ಅಂದರೆ ಎಂಜಿನ್ ಮೈಗೆ ತಾಗಿಸದೆ, ಎಂಜಿನ್ ತಿರುಗಿಸಿದರೆ ಮಾಡ್ಯೂಲೇ ಸುಟ್ಟುಹೋಗಬಹುದು. ದೋಣಿಯಲ್ಲಿ ಅದನ್ನು ಬಿಚ್ಚಿ ರಿಪೇರಿ ಮಾಡುವಂತಿಲ್ಲ.

ಮಾಡೆಲ್ ವಿಮಾನದಲ್ಲಿ ಅಷ್ಟಾಗಿ ಕಾಡದ, ದೋಣಿಯಲ್ಲಿ ಬಹಳ ಕಾಡುವ ವಿಷಯ ಇನ್ನೊಂದಿದೆ. ಕೆರೆಯ ನಡುವೆ ಎಂಜಿನ್ ನಿಂತಾಗ ಪಾಯಿಂಟ್ ಮುಚ್ಚಿಕೊಂಡಿದ್ದರೆ, ದೋಣಿ ತೇಲುತ್ತಾ ದಡಕ್ಕೆ ಬರುವಷ್ಟು ಹೊತ್ತೂ ಕಾಯಿಲ್‌ಗೆ ಕರೆಂಟು ಹರಿಯುತ್ತಲೇ ಇರುತ್ತದೆ. ಕಾಯಿಲ್ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಸರಳ ಟ್ರಾನ್ಸಿಸ್ಟರ್ ಸರ್ಕ್ಯೂಟ್‌ನಲ್ಲೂ ಇದೇ ಪಾಡು. ಸಿಡಿಐಗೆ ಈ ತೊಂದರೆ ಇಲ್ಲ. ಹಾಗಾಗಿ ಮೊದಲ ಎರಡಕ್ಕೆ ಕರೆಂಟು ಕಡಿಯಲು, ರೇಡಿಯೋ ಹೇಳಿದಂತೆ ಸರ್ವೋ ಎಂಬ ಪುಟ್ಟ ಮೋಟಾರು ಒತ್ತುವ ಮೈಕ್ರೋ ಸ್ವಿಚ್ ಕಡ್ಡಾಯ. ಓಡುತ್ತಿರುವ ಎಂಜಿನ್ ನಿಲ್ಲಿಸುವುದಕ್ಕೂ ಅದೇ ಒದಗುತ್ತದೆ.

ಕಿಡಿಯಿಂದ ರಿಸೀವರ್‌ಗೆ ಆಗುವ ಗದ್ದಲ 2.4 ಗಿಗಾಹರ್ಟ್ಸ್ ರೇಡಿಯೋದಲ್ಲಿ ಹಳೆಯ 27 ಮೆಗಾಹರ್ಟ್ಸ್‌ನಷ್ಟು ಕಾಟ ಕೊಡುವುದಿಲ್ಲ. ಆದರೂ ಪ್ಲಗ್ ವೈರಿನಲ್ಲಿ 5 ಕಿಲೋ ಓಮ್ ರೆಸಿಸ್ಟರ್ ಇರಲಿ, ರಿಸೀವರ್ ದೋಣಿಯ ಇನ್ನೊಂದು ತುದಿಯಲ್ಲಿರಲಿ.

ಸಿಡಿಐಯನ್ನು ಕಡೆಗೆ ಬೇರೆ ದೋಣಿಗೆ ಹಾಕಿದೆ. ಅದರ ಎಂಜಿನ್‌ನ ಪಾಯಿಂಟ್ ಪೂರ್ತಿ ಸವೆದಿದೆ, ಬದಲಿ ಸಿಗುವುದಿಲ್ಲ. ಅಂಥದ್ದಕ್ಕೆ ನಾನು ಬೇರೇನನ್ನೂ ಯೋಚಿಸುವುದಿಲ್ಲ.